ಕೊರಗರ ಮನೆಗೆ ಅಕ್ಕಿ ಬಂತು, ಸಮಪಂಕ್ತಿ ಬಂತೇ?

ಗಡಿನಾಡಿನ ಇಗರ್ಜಿಗಳು, ಊರಿನ ಸ್ವಯಂಸೇವಕರು ಮತ್ತು ಅರ್ಧಕ್ಕೆ ನಿಂತ ಒಂದು ಕೆಲಸ

ಮಂಗಲ್ಪಾಡಿ: ಇಗರ್ಜಿಯವರು ಕೊರಗರ ಮನೆಗಳಿಗೆ ಅಕ್ಕಿ, ಬಟ್ಟೆ, ಶಾಲಾ ಪುಸ್ತಕ ಹಂಚಿದರು ಎಂಬುದು ಗಡಿನಾಡಿನಲ್ಲಿ ಹೊಸ ಸುದ್ದಿಯೇನಲ್ಲ. ಕ್ಲಬ್ಬಿನವರು, ದೇವಸ್ಥಾನದ ಸಮಿತಿಯವರು, ಮಸೀದಿಯ ಜಮಾಅತಿನವರು, ಕುಟುಂಬಶ್ರೀಯ ಹೆಂಗಸರು, ಎಲ್ಲರೂ ಒಂದಲ್ಲ ಒಂದು ಸಲ ಈ ಕೆಲಸ ಮಾಡಿದವರೇ. ಆದರೆ ಕೊಟ್ಟವರ ಮನೆಯ ಮದುವೆಗೆ ಕೊರಗ ಕುಟುಂಬಕ್ಕೆ ಕರೆಯೋಲೆ ಹೋಯಿತೇ? ಹೋದರೂ ಊಟಕ್ಕೆ ಎಲ್ಲಿ ಕೂರಿಸಿದರು? ಈ ಪ್ರಶ್ನೆ ಬಂದಾಗ ಎಲ್ಲರೂ ಮೆತ್ತಗಾಗುತ್ತಾರೆ. ದಾನ ಮಾಡುವುದು ಒಂದು ಕೆಲಸ, ಭೇದಭಾವ ಅಳಿಸುವುದು ಇನ್ನೊಂದು. ಮೊದಲನೆಯದರಲ್ಲಿ ಗಡಿನಾಡು ಪಳಗಿದೆ. ಎರಡನೆಯದು ನೂರು ವರ್ಷಗಳ ಹಿಂದೆಯೇ ಶುರುವಾಗಿದ್ದರೂ ಇನ್ನೂ ಮುಗಿದಿಲ್ಲ.

ಕೇರಳದಲ್ಲಿ ಕೊರಗರು ಇರುವುದು ಕಾಸರಗೋಡು ಜಿಲ್ಲೆಯಲ್ಲಿ, ಅದರಲ್ಲೂ ಹೆಚ್ಚಾಗಿ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ. 2011ರ ಜನಗಣತಿಯಂತೆ ಕೇರಳದಲ್ಲಿ ಇವರ ಸಂಖ್ಯೆ 1,582, ಕರ್ನಾಟಕದಲ್ಲಿ 14,794. ಎರಡೂ ಕಡೆ ಸೇರಿಸಿದರೂ ಹದಿನಾರೂವರೆ ಸಾವಿರ ದಾಟುವುದಿಲ್ಲ. ಕೇರಳದ ಐದು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಕೊರಗರೂ ಒಬ್ಬರು. ಉಳಿದ ನಾಲ್ಕು ಬುಡಕಟ್ಟುಗಳೂ ಮಲೆಗುಡ್ಡದವು. ಕಡಲ ಬದಿಯ ಊರುಗಳಲ್ಲಿ, ಹೆದ್ದಾರಿಯ ಪಕ್ಕದಲ್ಲೇ ಬದುಕುತ್ತಿದ್ದೂ ಊರಿನಿಂದ ದೂರವೇ ಉಳಿದವರು ಕೊರಗರು.

ಕಾಯ್ದೆಯಲ್ಲಿ ಬರೆದಿಟ್ಟ ಅವಮಾನ

19ನೇ ಶತಮಾನದ ಬ್ರಿಟಿಷ್ ಅಧಿಕಾರಿಗಳ ಬರಹಗಳಲ್ಲಿ ‘ಅಂಡೆ ಕೊರಗ’ರ ಪ್ರಸ್ತಾಪ ಬರುತ್ತದೆ. ದಾರಿಯಲ್ಲಿ ಉಗುಳಿದರೆ ಮೈಲಿಗೆಯಾಗುತ್ತದೆಂದು ಕುತ್ತಿಗೆಗೆ ಪಾತ್ರೆ ಕಟ್ಟಿಕೊಂಡು ತಿರುಗಬೇಕಾಗಿದ್ದವರು ಇವರು. ಆ ಪಾತ್ರೆ ಹೋಯಿತು. ‘ಅಜಲು’ ಮಾತ್ರ ಬಹಳ ಕಾಲ ಉಳಿಯಿತು. ಕರ್ನಾಟಕ ಸರಕಾರ 2000ದಲ್ಲಿ ಅಜಲು ಪದ್ಧತಿ ನಿಷೇಧ ಕಾಯ್ದೆ ತಂದಾಗ ಅಜಲು ಎಂದರೇನು ಎಂಬುದನ್ನು ಅದರಲ್ಲೇ ಬಿಡಿಸಿ ಹೇಳಬೇಕಾಯಿತು. ಕೊರಗರನ್ನು ಇತರರಿಗಿಂತ ಕೀಳು ಮನುಷ್ಯರೆಂದು ಕಾಣುವುದು, ಅನ್ನದಲ್ಲಿ ಕೂದಲು, ಉಗುರು ಮುಂತಾದ ತಿನ್ನಬಾರದ ವಸ್ತು ಬೆರೆಸಿ ಅವರಿಗೆ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಗದ್ದೆಯಲ್ಲಿ ಓಡಿಸುವುದು, ಇವೆಲ್ಲ ಅದರಲ್ಲಿವೆ. ಮನೆಯ ರೋಗ, ಅನಿಷ್ಟ ಆ ಅನ್ನದ ಜತೆ ಕೊರಗರಿಗೆ ದಾಟಿ ಹೋಗುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಬ್ರಿಟಿಷರ ಕಾಲದ ದಾಖಲೆಯಲ್ಲ ಇದು, 2000ದ ಶಾಸನ ಸಭೆಯ ಕಾಗದ.

ಈ ಕಾಯ್ದೆಯ ವ್ಯಾಪ್ತಿ ತಲಪಾಡಿಗೆ ಮುಗಿಯುತ್ತದೆ. ಗಡಿಯ ಈಚೆಗೆ ಕೇಂದ್ರದ 1989ರ ಪರಿಶಿಷ್ಟ ಜಾತಿ, ಪಂಗಡ ದೌರ್ಜನ್ಯ ತಡೆ ಕಾಯ್ದೆಯೇ ಆಸರೆ. ತಿನ್ನಬಾರದ್ದನ್ನು ಒತ್ತಾಯದಿಂದ ತಿನ್ನಿಸುವುದು ಆ ಕಾಯ್ದೆಯಲ್ಲೂ ಅಪರಾಧವೇ. ‘ಈಗ ಯಾರು ಮಾಡ್ತಾರೆ ಮಾರಾಯ್ರೆ ಅದನ್ನೆಲ್ಲ?’ ಎಂದು ಕೇಳುವವರು ಉಪ್ಪಳ ಪೇಟೆಯಲ್ಲೂ ಸಿಗುತ್ತಾರೆ. ಅನ್ನಕ್ಕೆ ಕೂದಲು ಬೆರೆಸುವುದು ನಿಂತಿರಬಹುದು. ಕೀಳಾಗಿ ಕಾಣುವುದು ನಿಂತಿದೆಯೇ ಎಂಬುದಕ್ಕೆ ಉತ್ತರ ಅಷ್ಟು ಸುಲಭದಲ್ಲಿ ಬರುವುದಿಲ್ಲ.

ನಾರಂಪಾಡಿಯ ಪಾಠ

ಈ ವಿಷಯದಲ್ಲಿ ಕ್ರೈಸ್ತ ಸಭೆಗಳಿಗೆ ಇಲ್ಲಿ ಹಳೆಯ ಇತಿಹಾಸ ಉಂಟು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನಿನವರು ಸಭೆಯೊಳಗೆ ಜಾತಿ ಕೂಡದು ಎಂದು ಆರಂಭದಿಂದಲೇ ಪಟ್ಟು ಹಿಡಿದರು. ಸಭೆಗೆ ಸೇರಿದವರು ಒಕ್ಕಲು, ಕಸುಬು ಎರಡನ್ನೂ ಕಳಕೊಂಡಾಗ ಬರೇ ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಅವರಿಗೆ ಬೇಗನೇ ಅರ್ಥವಾಯಿತು. ನೇಯ್ಗೆ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆ ಬಂತು. ಕಾಸರಗೋಡಿನ ಬಿ.ಇ.ಎಂ. ಹೈಸ್ಕೂಲಿನ ಹೆಸರಿನಲ್ಲಿ ಆ ಮಿಷನಿನ ಗುರುತು ಇಂದಿಗೂ ಉಳಿದಿದೆ. ದುಡಿಮೆಯ ದಾರಿ ತೋರಿಸದೆ ಜಾತಿ ಬಿಡು ಎಂದರೆ ಬಡವ ಬಿಡುವುದಾದರೂ ಹೇಗೆ ಎಂಬ ಪಾಠ ಆ ಅನುಭವದಲ್ಲಿದೆ.

ಕೊರಗರ ಮಟ್ಟಿಗೆ ಹೆಚ್ಚು ಹತ್ತಿರದ ಉದಾಹರಣೆ ಬದಿಯಡ್ಕ ಸಮೀಪದ ನಾರಂಪಾಡಿ. ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ಇಟಲಿಯ ಯೇಸುಸಭೆಯ ಧರ್ಮಗುರು ಅಲೆಕ್ಸಾಂಡರ್ ಕಮಿಸ್ಸಾ ಕೊರಗರ ನಡುವೆ ಕೆಲಸಕ್ಕೆ ಇಳಿದದ್ದು ಇಲ್ಲಿ. ಕಾಡಂಚಿನಲ್ಲಿ ಅಲೆಯುತ್ತಿದ್ದ ಕುಟುಂಬಗಳಿಗೆ ಒಂದು ನೆಲೆ ಸಿಕ್ಕಿತು, ಅದರ ಬೆನ್ನಿಗೆ ಮಕ್ಕಳ ಓದು, ಪ್ರಾರ್ಥನಾಲಯ ಬಂದವು. ಕೊರಗನ ಕೈಗೆ ಸೌಟಿನಲ್ಲಿ ನೀರು ಹೊಯ್ಯುತ್ತಿದ್ದ ಕಾಲದಲ್ಲಿ ಪಾದ್ರಿಯೊಬ್ಬರು ಅವರ ನಡುವೆಯೇ ಬಂದು ನಿಂತದ್ದು ಸಣ್ಣ ಸಂಗತಿಯಲ್ಲ.

ಆದರೆ ಅದಕ್ಕೊಂದು ಇನ್ನೊಂದು ಮುಖವೂ ಇದೆ. ನೆಲೆ ಪ್ರತ್ಯೇಕವಾದಾಗ ಗುರುತೂ ಪ್ರತ್ಯೇಕವಾಗುತ್ತದೆ. ಊರಿನವರ ಕಣ್ಣಿಗೆ ಅವರು ಮೊದಲು ‘ಕೊರಗರು’, ಆಮೇಲೆ ‘ಕೊರಗ ಕ್ರಿಸ್ತಾನರು’. ಹೆಸರಿನ ಕೊನೆಯಲ್ಲಿ ಪದ ಸೇರಿತೇ ಹೊರತು ಮುಂದಿನ ಪದ ಬಿಡಲಿಲ್ಲ.

ಇದೇ ಕಾಲದ ಮತ್ತೊಂದು ದಾರಿಯನ್ನು ತೋರಿಸಿದವರು ಕಾಸರಗೋಡು ತಾಲೂಕಿನ ಕುದ್ಮುಲ್‌ನಲ್ಲಿ 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾವ್. ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಅಸ್ಪೃಶ್ಯರೆನಿಸಿದ ಮಕ್ಕಳಿಗೆ ಶಾಲೆ, ಕುಟುಂಬಗಳಿಗೆ ನಿವೇಶನ, ಕೈಕಸುಬು ಒದಗಿಸಿದರು. ಅವರು ಯಾರ ಮತವನ್ನೂ ಬದಲಾಯಿಸಲಿಲ್ಲ. ಆದರೂ ಸ್ವಜಾತಿಯ ಬಹಿಷ್ಕಾರ ಅವರಿಗೆ ತಪ್ಪಲಿಲ್ಲ. ಕಮಿಸ್ಸಾ ಮತ್ತು ರಂಗರಾವ್ ಇಬ್ಬರ ದಾರಿ ಬೇರೆಯಾದರೂ ಇಬ್ಬರೂ ಕಂಡುಕೊಂಡದ್ದು ಒಂದೇ: ನೆಲ, ಅಕ್ಷರ ಮತ್ತು ಪಕ್ಕದಲ್ಲಿ ಕೂತು ಉಣ್ಣುವ ಧೈರ್ಯ, ಮೂರೂ ಒಟ್ಟಿಗೆ ಬೇಕು.

ಬೆಂಚು ಒಂದೇ, ಗೋತ್ರ ಬೇರೆ

ಜನಾಂಗೀಯ ಭೇದದ ವಿರುದ್ಧ ಚರ್ಚುಗಳು ಜಗತ್ತಿನಾದ್ಯಂತ ಮಾತೆತ್ತಿ ದಶಕಗಳೇ ಸಂದಿವೆ. ಜಿನೀವಾದ ಚರ್ಚುಗಳ ಜಾಗತಿಕ ಒಕ್ಕೂಟ 1969ರಲ್ಲೇ ಇದಕ್ಕೆಂದು ಪ್ರತ್ಯೇಕ ಕಾರ್ಯಕ್ರಮ ಹಾಕಿಕೊಂಡಿತು. ದಕ್ಷಿಣ ಆಫ್ರಿಕಾದ ವರ್ಣಭೇದ ಆಗ ಅದರ ಮುಖ್ಯ ಗುರಿ. 2001ರ ಡರ್ಬನ್ ಸಮ್ಮೇಳನದಲ್ಲಿ ಜಾತಿಭೇದವೂ ಜನಾಂಗೀಯ ಭೇದವೇ ಎಂದು ದಲಿತ ಸಂಘಟನೆಗಳು ವಾದಿಸಿದವು. ಭಾರತ ಸರಕಾರ ಅದನ್ನು ಒಪ್ಪಲಿಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿಭೇದವನ್ನು ನಿಷೇಧಿಸಿದಾಗ ಅಲ್ಲಿ ನೆಲೆಸಿದ ಕನ್ನಡ, ತುಳು, ಕೊಂಕಣಿ ಕುಟುಂಬಗಳ ಮನೆಯೊಳಗೂ ಈ ಚರ್ಚೆ ಹೊಕ್ಕಿತು. ಕಡಲು ದಾಟಿದರೂ ಜಾತಿ ಪೆಟ್ಟಿಗೆಯೊಳಗೆ ಕೂತು ಬರುತ್ತದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಊರಿನ ಇಗರ್ಜಿಗೆ ಬಂದರೆ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಕೊಂಕಣಿ ಕಥೊಲಿಕರಲ್ಲಿ ಬಾಮಣ್, ಚಾರೊಡಿ, ಸುದಿರ್ ಎಂಬ ಹಳೆಯ ಗುರುತುಗಳಿವೆ. ಬೆಂಚಿನಲ್ಲಿ ಅದು ಕಾಣುವುದಿಲ್ಲ, ಪರಮಪ್ರಸಾದಕ್ಕೂ ಸಾಲು ಒಂದೇ. ಸಂಬಂಧ ಕುದುರಿಸುವ ಹೊತ್ತಿಗೆ ಮಾತ್ರ ಅಜ್ಜಿಯಂದಿರ ನೆನಪು ಚುರುಕಾಗುತ್ತದೆ. ಇದನ್ನು ಹೊರಗಿನವರು ಮಾಡುವ ಆರೋಪ ಎಂದು ತಳ್ಳಿಹಾಕುವಂತಿಲ್ಲ. 2003ರ ನವೆಂಬರಿನಲ್ಲಿ ತಮಿಳುನಾಡಿನ ಬಿಷಪರನ್ನು ಉದ್ದೇಶಿಸಿ ಮಾತನಾಡಿದ ಪೋಪ್ ಎರಡನೇ ಜಾನ್ ಪೌಲ್ ಕ್ರೈಸ್ತರ ನಡುವಿನ ಜಾತಿಭೇದವನ್ನು ಖಂಡಿಸಿದ್ದರು. 2016ರ ಡಿಸೆಂಬರಿನಲ್ಲಿ ಭಾರತದ ಕಥೊಲಿಕ ಬಿಷಪರ ಮಂಡಳಿಯೇ ದಲಿತ ಸಬಲೀಕರಣ ನೀತಿ ಪ್ರಕಟಿಸಿ, ಸಭೆಯೊಳಗೆ ಅಸ್ಪೃಶ್ಯತೆ ಉಳಿದಿದೆ ಎಂಬುದನ್ನು ಬರೆದು ಒಪ್ಪಿಕೊಂಡಿತು.

ಒಪ್ಪಿಕೊಂಡದ್ದು ದಿಲ್ಲಿಯಲ್ಲಿ. ಆ ಕಾಗದ ಗಡಿನಾಡಿನ ವಾಳೆ ವಾಳೆಗೆ ತಲಪಬೇಕಾದರೆ ಗುರಿಕಾರರ ಸಭೆಯಲ್ಲಿ ಅದನ್ನು ಓದಬೇಕು, ಪಾಲನಾ ಮಂಡಳಿಯಲ್ಲಿ ಅದು ಚರ್ಚೆಯಾಗಬೇಕು, ಸ್ತ್ರೀಯರ ಮತ್ತು ಯುವಜನರ ಸಂಘಟನೆಗಳು ಅದನ್ನು ಕೈಗೆತ್ತಿಕೊಳ್ಳಬೇಕು. ಭೇದಭಾವದ ವಿರುದ್ಧದ ಕೆಲಸ ಹೊರಗಿನವರ ಮನೆ ಅಂಗಳದಿಂದ ಶುರುವಾಗುವುದಲ್ಲ, ಸ್ವಂತ ಜಗಲಿಯಿಂದ ಶುರುವಾಗುವಂಥದ್ದು. ಇದು ಇಗರ್ಜಿಗೆ ಎಷ್ಟು ಅನ್ವಯವೋ ದೇವಸ್ಥಾನ, ಮಸೀದಿ, ಕ್ಲಬ್ಬುಗಳಿಗೂ ಅಷ್ಟೇ ಅನ್ವಯ.

ಮತಾಂತರದ ಸಂಶಯ

ಇಗರ್ಜಿಯ ಸ್ವಯಂಸೇವಕರು ಕೊರಗರ ಮನೆಗೆ ಕಾಲಿಟ್ಟ ಕೂಡಲೇ ಎದುರಾಗುವ ಪ್ರಶ್ನೆ ಒಂದುಂಟು: ಇವರು ಬಂದದ್ದು ಸೇವೆಗೋ, ಮತ ಬದಲಾಯಿಸುವುದಕ್ಕೋ? ಈ ಸಂಶಯ ಸರಿಯೋ ತಪ್ಪೋ, ಅದು ಊರಲ್ಲಿ ಇದೆ. ಅದರ ಪರಿಣಾಮ ಅನುಭವಿಸುವುದು ಮಾತ್ರ ಕೊರಗ ಕುಟುಂಬ.

ಕಾನೂನಿನ ಒಂದು ಅಂಶ ಇಲ್ಲಿ ಸ್ಪಷ್ಟವಾಗಬೇಕು. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯವರು ಕ್ರೈಸ್ತರೋ ಮುಸ್ಲಿಮರೋ ಆದರೆ ಆ ಸ್ಥಾನ ತಪ್ಪುತ್ತದೆ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಅದರೊಳಗೆ ಸೇರಿಸಲಾಯಿತು. ಉಳಿದವರ ವಿಷಯ ಪರಿಶೀಲಿಸಲು ಕೇಂದ್ರ 2022ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಆದರೆ ಪರಿಶಿಷ್ಟ ಪಂಗಡಕ್ಕೆ ಈ ಮತದ ಕಟ್ಟು ಇಲ್ಲ. ಕೊರಗರು ಪಂಗಡದವರು. ದೇವರನ್ನು ಯಾವ ಹೆಸರಿನಲ್ಲಿ ಕರೆದರೂ ಕೊರಗ ಕೊರಗನೇ, ಸವಲತ್ತೂ ಅವರದ್ದೇ. ಇದು ಗೊತ್ತಿಲ್ಲದೆ ಅರ್ಜಿ ಹಾಕಲು ಹಿಂಜರಿಯುವವರಿಗೆ ತಿಳಿಸಿ ಹೇಳುವುದೇ ಒಂದು ಸೇವೆ.

ಸಂಶಯ ಕಳೆಯುವುದಕ್ಕೆ ಇರುವ ಒಳ್ಳೆಯ ದಾರಿ ಒಟ್ಟಿಗೆ ಮಾಡುವ ಕೆಲಸ. ಇಗರ್ಜಿಯವರು ಒಬ್ಬರೇ ಹೋದರೆ ಒಂದು ಅರ್ಥ. ಪಂಚಾಯತು ಸದಸ್ಯೆ, ಎಸ್‌.ಟಿ. ಪ್ರಮೋಟರ್, ಆಶಾ ಕಾರ್ಯಕರ್ತೆ, ಗ್ರಂಥಾಲಯದ ಹುಡುಗರು, ಇಗರ್ಜಿಯ ಯುವಜನರು ಒಟ್ಟಾಗಿ ಹೋದರೆ ಇನ್ನೊಂದು ಅರ್ಥ. ಇದಕ್ಕೆ ಮಾದರಿ ಕೇರಳದಲ್ಲೇ ಇದೆ. 2008ರ ಸರಕಾರಿ ನೀತಿಯ ಬಳಿಕ ಪಂಚಾಯತುಗಳಿಗೆ ಹಬ್ಬಿದ ಪಾಲಿಯೇಟಿವ್ ಶುಶ್ರೂಷೆಯಲ್ಲಿ ಹಾಸಿಗೆ ಹಿಡಿದವರ ಮನೆಗೆ ನರ್ಸಿನ ಜತೆ ಹೋಗುವ ಸ್ವಯಂಸೇವಕರಲ್ಲಿ ಎಲ್ಲ ಮತದವರೂ ಇದ್ದಾರೆ. ಹುಣ್ಣು ತೊಳೆಯುವವನ ಮತ ಯಾವುದೆಂದು ರೋಗಿ ಕೇಳುವುದಿಲ್ಲ.

ಮೂರು ಭಾಷೆಯ ನಡುವೆ ಒಂದು ಅರ್ಜಿ

ಹಾಗಾದರೆ ಈ ಒಕ್ಕೂಟಗಳು ಮಾಡಬೇಕಾದದ್ದೇನು? ಅಕ್ಕಿ ಹಂಚುವುದಕ್ಕೆ ರೇಶನ್ ಅಂಗಡಿ ಉಂಟು. ಸರಕಾರದ ಯೋಜನೆಗಳಿಗೂ ಬರವಿಲ್ಲ. 75 ವಿಶೇಷ ದುರ್ಬಲ ಬುಡಕಟ್ಟುಗಳಿಗೆಂದು ಕೇಂದ್ರ 2023ರ ನವೆಂಬರಿನಲ್ಲಿ ಪಿಎಂ ಜನಮನ್ ಆರಂಭಿಸಿತು. 64,006 ಕುಟುಂಬಗಳನ್ನು ಗುರುತಿಸಿ ಕೆಲಸ ಮಾಡಿದ ಕೇರಳ ಸರಕಾರ 2025ರ ನವೆಂಬರ್ 1ರಂದು ರಾಜ್ಯವನ್ನು ಅತಿ ಬಡತನಮುಕ್ತ ಎಂದು ಘೋಷಿಸಿತು. ಆದಿವಾಸಿಗಳ ಸ್ಥಿತಿಯನ್ನು ಮುಂದಿಟ್ಟು ಆ ಘೋಷಣೆಯನ್ನು ಪ್ರಶ್ನಿಸಿದವರೂ ಇದ್ದಾರೆ. ಯೋಜನೆ ತಿರುವನಂತಪುರದಿಂದ ಹೊರಟು ಕೊರಗರ ಗುಡಿಸಲಿಗೆ ಬರುವಷ್ಟರಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದೇ ಪ್ರಶ್ನೆ.

ಅದು ಸಿಕ್ಕಿಹಾಕಿಕೊಳ್ಳುವ ಒಂದು ಜಾಗ ಭಾಷೆ. ಮನೆಯಲ್ಲಿ ತುಳು, ಹಿರಿಯರ ನಡುವೆ ಕೊರಗರದ್ದೇ ನುಡಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾಕರಿಗೆ ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಓದು ಬರಹ ಬಲ್ಲ ಕನ್ನಡಿಗರೇ ಮಲಯಾಳದ ನಮೂನೆ ಹಿಡಿದು ಅಕ್ಷಯ ಕೇಂದ್ರದಲ್ಲಿ ಕಕ್ಕಾಬಿಕ್ಕಿಯಾಗುವಾಗ, ಬುಟ್ಟಿ ಹೆಣೆದು ಬದುಕುವ ಕೊರಗ ಹೆಂಗಸು ಏನು ಮಾಡಿಯಾಳು? ‘ನಾಳೆ ಬನ್ನಿ’ ಎಂಬ ಮಾತು ಯಾವ ಭಾಷೆಯಲ್ಲಿ ಬಂದರೂ ಆಕೆಗೆ ಒಂದು ದಿನದ ಕೂಲಿ ಹೋದಂತೆಯೇ.

ಇಗರ್ಜಿಗಳಿಗೆ ಇಲ್ಲಿ ಒಂದು ಅನುಕೂಲವಿದೆ. 1956ರಲ್ಲಿ ರಾಜ್ಯದ ಗಡಿ ಬದಲಾದರೂ ಮಂಜೇಶ್ವರ ಕಡೆಯ ಕೊಂಕಣಿ ಕಥೊಲಿಕರ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಹೀಗಾಗಿ ಇಲ್ಲಿನ ಯುವಜನರಲ್ಲಿ ಕೊಂಕಣಿ, ತುಳು, ಕನ್ನಡ, ಮಲಯಾಳ ನಾಲ್ಕೂ ಬಲ್ಲವರು ಧಾರಾಳ. ಆಸ್ಪತ್ರೆಗೆಂದು ಮಂಗಳೂರಿಗೆ ಹೋಗುವ ಗಡಿನಾಡಿನ ರೋಗಿಗೆ ದಾರಿ ತೋರಿಸಬಲ್ಲವರೂ ಇವರೇ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಯನ್ನೇ ನೆಚ್ಚಿದ ಜನ ಎಷ್ಟು ಅಸಹಾಯಕರೆಂದು ಮಂಜೇಶ್ವರ ತಾಲೂಕಿಗೆ ಅರಿವಾಯಿತು. ಉಳ್ಳವರಿಗೇ ಹಾಗಾದರೆ ಇಲ್ಲದವರ ಪಾಡು ಹೇಳಬೇಕಾಗಿಲ್ಲ. ನಾಲ್ಕು ಭಾಷೆಯ ಒಬ್ಬ ಹುಡುಗಿ ವಾರಕ್ಕೆ ಒಂದು ದಿನ ಕೊರಗ ಮಹಿಳೆಯ ಜತೆ ಕಚೇರಿಗೆ ಹೋದರೆ, ಅದು ಹತ್ತು ಚೀಲ ಅಕ್ಕಿಗಿಂತ ಹೆಚ್ಚು ಬಾಳುತ್ತದೆ.

ಇನ್ನೊಂದು ಅಡಚಣೆ ಕಸುಬಿನದ್ದು. ಕಾಡಿನ ಬಳ್ಳಿ, ಬಿದಿರಿನಿಂದ ಕುರುವೆ, ತಡ್ಪೆ ಹೆಣೆಯುವ ಕೈಗಳಿಗೆ ಬಳ್ಳಿ ಸಿಗುವುದು ಕಷ್ಟವಾಗಿದೆ. ಸಂತೆಗೆ ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಬೆಲೆಯೂ ಬಿತ್ತು. ಮೊಂತಿ ಫೆಸ್ತಿನ ಹೂ ಬುಟ್ಟಿ, ದೇವಸ್ಥಾನದ ಉತ್ಸವದ ಅನ್ನದ ಬುಟ್ಟಿ, ಮದುವೆ ಹಾಲಿನ ಬುಟ್ಟಿಗಳನ್ನು ಕೊರಗರಿಂದಲೇ ನ್ಯಾಯವಾದ ಬೆಲೆಗೆ ಕೊಳ್ಳುತ್ತೇವೆಂದು ಊರಿನ ಸಮಿತಿಗಳೆಲ್ಲ ತೀರ್ಮಾನಿಸಿದರೆ ಖರ್ಚೇನೂ ಆಕಾಶಕ್ಕೆ ಏರುವುದಿಲ್ಲ. ದಾನದ ಬದಲು ವ್ಯಾಪಾರ ನಡೆದರೆ ಕೊಡುವವನಿಗೂ ಕೊಳ್ಳುವವನಿಗೂ ತಲೆ ಸಮಮಟ್ಟದಲ್ಲಿರುತ್ತದೆ.

ಅಜ್ಜನಿಗೆ ಕೈಮುಗಿದು, ಮೊಮ್ಮಗನಿಗೆ ಹೊರಗೆ

ತುಳುನಾಡಿನಲ್ಲಿ ಕೊರಗಜ್ಜನಿಗೆ ಕೈಮುಗಿಯದವರು ಕಡಿಮೆ. ಕಳೆದುಹೋದ ಒಡವೆ ಸಿಗಲೆಂದು ಚಕ್ಕುಲಿ, ಬೀಡ ಹರಕೆ ಹೇಳುವವರಲ್ಲಿ ಜಾತಿಯ ಲೆಕ್ಕವಿಲ್ಲ. ಆ ಅಜ್ಜ ಹುಟ್ಟಿದ್ದು ಕೊರಗರ ಕುಲದಲ್ಲಿ. ಅದೇ ನಾಡಿನಲ್ಲಿ ಮೈಗೆ ಮಸಿ ಬಳಿದು ‘ಕೊರಗ ವೇಷ’ ಹಾಕಿ ನಗಿಸುವ ಚಾಳಿಯೂ ಬೆಳೆದುಬಂದಿದೆ. ಕೊರಗ ಸಂಘಟನೆಗಳು ಇದನ್ನು ವಿರೋಧಿಸುತ್ತಲೇ ಬಂದಿವೆ. ಬಿಳಿಯರು ಮುಖಕ್ಕೆ ಮಸಿ ಬಳಿದು ಕರಿಯರನ್ನು ಅಣಕಿಸುವುದು ಅಮೆರಿಕದಲ್ಲಿ ಜನಾಂಗ ನಿಂದನೆಯಾದರೆ ಇಲ್ಲಿನದು ಬರೇ ತಮಾಷೆ ಆಗುವುದು ಹೇಗೆ?

2022ರ ಜನವರಿಯಲ್ಲಿ ವಿಟ್ಲ ಸಮೀಪದ ಮದುವೆ ಮನೆಯೊಂದರಲ್ಲಿ ಮದುಮಗ ಕೊರಗಜ್ಜನನ್ನು ಹೋಲುವ ವೇಷ ಹಾಕಿ ಕುಣಿದದ್ದು ದೊಡ್ಡ ಗದ್ದಲವಾಯಿತು, ಪೊಲೀಸು ಕೇಸೂ ಆಯಿತು. ಗದ್ದಲ ನಡೆದದ್ದು ಒಂದು ಮತದವರು ಇನ್ನೊಂದು ಮತದ ದೈವಕ್ಕೆ ಅವಮಾನ ಮಾಡಿದರು ಎಂಬ ಬಗ್ಗೆ. ಅಣಕಕ್ಕೆ ಒಳಗಾದ ಜೀವಂತ ಕೊರಗರ ಮಾತು ಆ ಗಲಾಟೆಯಲ್ಲಿ ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ಅದಕ್ಕೆ ಕೆಲವೇ ದಿನ ಮೊದಲು, 2021ರ ಡಿಸೆಂಬರಿನಲ್ಲಿ, ಉಡುಪಿ ಜಿಲ್ಲೆಯ ಕೋಟತಟ್ಟಿನಲ್ಲಿ ಕೊರಗರ ಮದುವೆ ಮನೆಯ ಮೆಹಂದಿ ಕಾರ್ಯಕ್ರಮದ ಮೇಲೆ ಪೊಲೀಸರೇ ಲಾಠಿ ಬೀಸಿದ್ದರು. ದೈವದ ಅವಮಾನಕ್ಕೆ ಸಿಡಿದೆದ್ದಷ್ಟು ಜನ ಮನುಷ್ಯರ ಅವಮಾನಕ್ಕೆ ಏಳಲಿಲ್ಲ.

2018ರ ಫೆಬ್ರವರಿಯಲ್ಲಿ ಅಟ್ಟಪ್ಪಾಡಿಯ ಆದಿವಾಸಿ ಯುವಕ ಮಧುವನ್ನು ಅಕ್ಕಿ ಕದ್ದನೆಂದು ಹೊಡೆದು ಕೊಂದಾಗ ಕೇರಳ ತಲೆತಗ್ಗಿಸಿತು. 2023ರಲ್ಲಿ ನ್ಯಾಯಾಲಯ 14 ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಇಂಥ ಘಟನೆ ಆಕಾಶದಿಂದ ಉದುರುವುದಿಲ್ಲ. ಮೈಬಣ್ಣ, ಉಡುಪು, ನುಡಿ ನೋಡಿ ‘ಇವನು ಕಳ್ಳನೇ’ ಎಂದು ಅಳೆಯುವ ಅಭ್ಯಾಸ ಅದಕ್ಕೆ ನೆಲ ಹದ ಮಾಡಿರುತ್ತದೆ. ಉಪ್ಪಳ, ಕುಂಬಳೆ ಪೇಟೆಗಳಲ್ಲಿ ದುಡಿಯುವ ಅಸ್ಸಾಂ, ಒಡಿಶಾ, ಜಾರ್ಖಂಡಿನ ಕೂಲಿಯಾಳುಗಳನ್ನೆಲ್ಲ ಒಟ್ಟಿಗೆ ‘ಬಂಗಾಳಿ’ ಎಂದು ಕರೆದುಬಿಡುವುದೂ ಅದೇ ಅಭ್ಯಾಸದ ಇನ್ನೊಂದು ಕೊಂಬೆ. ಸರಕಾರ ಅವರಿಗೆ ‘ಅತಿಥಿ ಕಾರ್ಮಿಕ’ ಎಂದು ಹೆಸರಿಟ್ಟಿದೆ. ಅತಿಥಿಗೆ ಸಿಗುವ ಮರ್ಯಾದೆ ಸಿಗುವುದು ಬೇರೆ ವಿಷಯ. ಹೊಟ್ಟೆಪಾಡಿಗೆ ಗಲ್ಫಿಗೆ ಹೋಗಿ ಅಲ್ಲಿ ಹೊರಗಿನವನಾಗಿ ಬದುಕಿದ ಅನುಭವ ಮಂಗಲ್ಪಾಡಿಯ ಅದೆಷ್ಟೋ ಮನೆಗಳಲ್ಲಿದೆ. ಆ ನೆನಪು ಇಲ್ಲಿ ಕೆಲಸಕ್ಕೆ ಬರಬೇಕು.

ಹೆಸರು ಬದಲಾದರೆ ಸಾಕೇ?

2024ರ ಜೂನಿನಲ್ಲಿ ಕೇರಳ ಸರಕಾರ ಪರಿಶಿಷ್ಟರ ವಸತಿಗಳಿಗೆ ‘ಕಾಲನಿ’ ಎಂಬ ಪದ ಬಳಸಬಾರದು, ‘ನಗರ್’, ‘ಉನ್ನತಿ’, ‘ಪ್ರಕೃತಿ’ ಮುಂತಾದ ಹೆಸರು ಇಡಬಹುದು ಎಂದು ಆದೇಶಿಸಿತು. ‘ಕಾಲನಿ’ ಎಂಬುದು ಕೀಳರಿಮೆ ಹುಟ್ಟಿಸುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಆದೇಶ ಒಳ್ಳೆಯದೇ. ಬೋರ್ಡು ಬದಲಾದ ಮೇಲೂ ಜೀಪಿನ ಡ್ರೈವರ್ ‘ಕೊರಗರ ಕಾಲನಿಗಾ?’ ಎಂದೇ ಕೇಳಿದರೆ ಆದೇಶ ಇನ್ನೂ ದಾರಿಯಲ್ಲೇ ಇದೆ ಎಂದರ್ಥ.

ಕರ್ನಾಟಕದ ಕೊರಗರು 1993ರ ಆಗಸ್ಟ್ 18ರಂದು ಮಂಗಳೂರಿನಲ್ಲಿ ಭೂಮಿಗಾಗಿ ಮೆರವಣಿಗೆ ನಡೆಸಿದ ದಿನವನ್ನು ‘ಭೂಮಿ ಹಬ್ಬ’ವೆಂದು ವರ್ಷಾವರ್ಷ ಆಚರಿಸುತ್ತಾರೆ. ಆ ಬಳಿಕ ಬಂದ ಮಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದಿತು. ಆ ಮೆರವಣಿಗೆಯಲ್ಲಿ ಮುಂದೆ ನಡೆದವರು ಕೊರಗರು, ಹಿಂದೆ ನಿಂತು ಬಲ ಕೊಟ್ಟವರು ಉಳಿದವರು. ಒಕ್ಕೂಟದ ಕೆಲಸಕ್ಕೆ ಈ ಕ್ರಮವೇ ಸರಿ. ಊರುಕೂಟದಲ್ಲಿ ಕೊರಗರು ಏನು ಬೇಕೆಂದು ಹೇಳುತ್ತಾರೋ ಅದನ್ನು ಕೇಳಿಕೊಂಡು ಇಗರ್ಜಿ, ಕ್ಲಬ್ಬು, ಪಂಚಾಯತು ಹೆಜ್ಜೆ ಇಡಬೇಕು. ಸಮಿತಿಯ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲ ಹೊರಗಿನವರಾಗಿ ಕೊರಗರು ‘ಫಲಾನುಭವಿ’ಗಳ ಪಟ್ಟಿಯಲ್ಲಿ ಮಾತ್ರ ಕಾಣಿಸಿಕೊಂಡರೆ ಹಳೆಯ ಕತೆಯೇ ಮುಂದುವರಿಯುತ್ತದೆ.

ಹದಿನೈದು ನೂರು ಚಿಲ್ಲರೆ ಜನರಿರುವ ಸಮುದಾಯಕ್ಕೆ ಮತಪೆಟ್ಟಿಗೆಯಲ್ಲಿ ತೂಕವಿಲ್ಲ. ಎಸ್ಸೆಸ್ಸೆಲ್ಸಿ ದಾಟಿದ ಹುಡುಗಿಯೊಬ್ಬಳು ಬಸ್ಸಿನ ಖರ್ಚಿಗೋ ಹಾಸ್ಟೆಲಿನ ಅವಮಾನಕ್ಕೋ ಮನೆಯಲ್ಲಿ ಕೂತರೆ ಅದು ಯಾವ ಪಕ್ಷಕ್ಕೂ ಸೋಲಾಗುವುದಿಲ್ಲ. ಹಾಗಾಗಿಯೇ ಅವರ ಜವಾಬ್ದಾರಿ ನೆರೆಕರೆಯ ಮೇಲೆ ಹೆಚ್ಚು ಬೀಳುತ್ತದೆ. ಇಗರ್ಜಿಗಳಿಗೆ ಸಂಘಟನೆಯ ಅಭ್ಯಾಸ ಇದೆ, ನೂರು ವರ್ಷಗಳ ಅನುಭವವೂ ಇದೆ. ಪಂಚಾಯತಿಗೆ ಅಧಿಕಾರ ಇದೆ. ಕ್ಲಬ್ಬುಗಳಲ್ಲಿ ಕೈಕಾಲು ಗಟ್ಟಿಯಿರುವ ಯುವಕರಿದ್ದಾರೆ. ಬರುವ ಮೊಂತಿ ಫೆಸ್ತಿನ ಹೊಸ ಅಕ್ಕಿ ಊಟಕ್ಕೋ, ಊರ ಉತ್ಸವಕ್ಕೋ, ಇಫ್ತಾರಿಗೋ ಕೊರಗ ಕುಟುಂಬಗಳನ್ನು ಡೋಲು ಬಡಿಯಲು ಕರೆಯದೆ ನೆಂಟರಂತೆ ಕರೆದು ಒಂದೇ ಪಂಕ್ತಿಯಲ್ಲಿ ಕೂರಿಸಲು ಯಾವ ಸರಕಾರದ ಆದೇಶವೂ ಬೇಕಾಗಿಲ್ಲ. ಅಂಥ ಊಟ ಎಲ್ಲಿ ಮೊದಲು ನಡೆಯುತ್ತದೆ ಎಂಬುದನ್ನು ಗಡಿನಾಡು ಕಾದು ನೋಡಬೇಕಾಗಿದೆ.